ಕಾಫಿ ಕ್ಯಾಪ್ಸೂಲ್, ಕಾಫಿ ಸ್ಯಾಷೆ: ಕಸದ ಹೊರೆ ಯಾರ ಹೆಗಲಿಗೆ?

ಬಾದನಹಟ್ಟಿ (ಬಳ್ಳಾರಿ ಜಿಲ್ಲೆ): ಒಂದು ಲೋಟ ಕಾಫಿಗೆ ಬೇಕಾದಷ್ಟೇ ಪುಡಿಯನ್ನು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನ ಪುಟ್ಟ ಬಟ್ಟಲಿನಲ್ಲಿ ಮುಚ್ಚಿ ಮಾರುವ ‘ಕ್ಯಾಪ್ಸೂಲ್’ ಪದ್ಧತಿ ದೇಶದ ಮಹಾನಗರಗಳಿಗೆ ಕಾಲಿಟ್ಟಿದೆ. ನೆಸ್ಲೆ ಸಂಸ್ಥೆ 1986ರಲ್ಲಿ ಆರಂಭಿಸಿದ ನೆಸ್ಪ್ರೆಸೊ ಕ್ಯಾಪ್ಸೂಲ್ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿದ್ದು 2024ರ ಕೊನೆಯಲ್ಲಿ. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಗ್ರಾಮಕ್ಕೆ ಈ ಯಂತ್ರ ಸದ್ಯಕ್ಕೆ ಬರುವ ಸಂಭವ ಕಡಿಮೆ. ಆದರೆ ಅದರ ಸೋದರ ಸಂಬಂಧಿ ಹಳ್ಳಿಗಳನ್ನು ತಲುಪಿ ದಶಕಗಳೇ ಕಳೆದಿವೆ. ಕಿರಾಣಿ ಅಂಗಡಿಗಳ ಮುಂದೆ ತೋರಣದಂತೆ ತೂಗುವ ಕಾಫಿ ಪುಡಿಯ ಸ್ಯಾಷೆಯೇ ಅದು.

ಒಂದು ಸಿರಿವಂತರ ಅನುಕೂಲ, ಇನ್ನೊಂದು ದಿನಗೂಲಿಯವರ ಅನಿವಾರ್ಯತೆ. ಆದರೆ ಎರಡೂ ಹುಟ್ಟುಹಾಕುವ ಪ್ರಶ್ನೆ ಒಂದೇ: ಒಂದೇ ಸಲ ಬಳಸಿ ಎಸೆದ ಈ ಹೊದಿಕೆಯನ್ನು ಯಾರು, ಯಾರ ಖರ್ಚಿನಲ್ಲಿ ಎತ್ತಬೇಕು?

ಪದದಲ್ಲೇ ಗೊಂದಲ

ಕನ್ನಡದಲ್ಲಿ ‘ಮರುಬಳಕೆ’ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಕ್ರಿಯೆಗಳಿಗೆ ಬಳಸುವುದು ರೂಢಿಯಾಗಿದೆ. ಗಾಜಿನ ಬಾಟಲಿಯನ್ನು ತೊಳೆದು ಮತ್ತೆ ತುಂಬುವುದು ನಿಜವಾದ ಮರುಬಳಕೆ. ಅದನ್ನು ಒಡೆದು, ಕರಗಿಸಿ ಹೊಸ ವಸ್ತು ಮಾಡುವುದು ಮರುಸಂಸ್ಕರಣೆ. ಇವೆರಡರ ನಡುವೆ ಕಂಪನಿಗಳು ಮೂರನೆಯ ಮಾತೊಂದನ್ನು ಸೇರಿಸಿವೆ: ‘ಮರುಸಂಸ್ಕರಿಸಬಹುದು’. ಮಾಡಬಹುದು ಎಂಬುದಕ್ಕೂ ಮಾಡುತ್ತಿದ್ದಾರೆ ಎಂಬುದಕ್ಕೂ ಇರುವ ಅಂತರದಲ್ಲಿಯೇ ಸಮಸ್ಯೆಯ ಬೇರು ಇದೆ.

ಅಮೆರಿಕದ ಕ್ಯೂರಿಗ್ ಕಂಪನಿಯ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ತನ್ನ ಪ್ಲಾಸ್ಟಿಕ್ ಕಾಫಿ ಬಟ್ಟಲುಗಳನ್ನು ಪರಿಣಾಮಕಾರಿಯಾಗಿ ಮರುಸಂಸ್ಕರಿಸಬಹುದು ಎಂದು ಅದು 2019 ಮತ್ತು 2020ರ ವಾರ್ಷಿಕ ವರದಿಗಳಲ್ಲಿ ಹೇಳಿಕೊಂಡಿತ್ತು. ಆದರೆ ಅಲ್ಲಿನ ಎರಡು ದೊಡ್ಡ ಮರುಸಂಸ್ಕರಣಾ ಸಂಸ್ಥೆಗಳು ಆ ಬಟ್ಟಲುಗಳನ್ನು ಸ್ವೀಕರಿಸುವ ಬಗ್ಗೆ ಆಕ್ಷೇಪ ಎತ್ತಿದ್ದ ಸಂಗತಿಯನ್ನು ತಿಳಿಸಿರಲಿಲ್ಲ. ಅಮೆರಿಕದ ಷೇರು ನಿಯಂತ್ರಣ ಆಯೋಗ ಕ್ರಮ ಕೈಗೊಂಡಾಗ ಕಂಪನಿಯು 2024ರ ಸೆಪ್ಟೆಂಬರ್‌ನಲ್ಲಿ 15 ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಇದಕ್ಕೂ ಮೊದಲೇ, 2016ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತವು ಸರ್ಕಾರಿ ಹಣದಿಂದ ಕಾಫಿ ಕ್ಯಾಪ್ಸೂಲ್ ಖರೀದಿಸುವುದನ್ನು ನಿಷೇಧಿಸಿತ್ತು.

ತಕ್ಕಡಿ ಹೇಳುವ ಲೆಕ್ಕ

ವಸ್ತುವಿನ ಗುಣವನ್ನಷ್ಟೇ ನೋಡಿದರೆ ಅಲ್ಯೂಮಿನಿಯಂ ಕ್ಯಾಪ್ಸೂಲ್ ಕೆಟ್ಟದ್ದಲ್ಲ. ಈ ಲೋಹವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಅದಿರಿನಿಂದ ಹೊಸದಾಗಿ ತಯಾರಿಸಲು ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟು ಇದಕ್ಕೆ ಸಾಕು. ತೊಡಕು ಇರುವುದು ತೂಕದಲ್ಲಿ.

ಒಂದು ಕ್ಯಾಪ್ಸೂಲಿನಲ್ಲಿ ಇರುವ ಲೋಹ ಅಂದಾಜು 1 ಗ್ರಾಂ. ಅಂದರೆ ಒಂದು ಕೆ.ಜಿ. ಅಲ್ಯೂಮಿನಿಯಂ ಕೂಡಿಸಲು ಚಿಂದಿ ಆಯುವವರು ಸಾವಿರದಷ್ಟು ಕ್ಯಾಪ್ಸೂಲುಗಳನ್ನು ಹೆಕ್ಕಬೇಕು. ಪ್ರತಿಯೊಂದರ ಒಳಗಿನ ಒದ್ದೆ ಚರಟವನ್ನೂ ತೆಗೆಯಬೇಕು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಾದರೆ ಎಪ್ಪತ್ತರಷ್ಟು ಸಾಕು. ಗುಜರಿ ಅಂಗಡಿಗೆ ಡಬ್ಬಿ ಬರುತ್ತದೆ, ಕ್ಯಾಪ್ಸೂಲ್ ಬರುವುದಿಲ್ಲ ಎಂಬುದಕ್ಕೆ ಕಾರಣ ಇದೇ.

ನೆಸ್ಪ್ರೆಸೊದ ತವರಾದ ಸ್ವಿಟ್ಜರ್ಲೆಂಡಿನಲ್ಲಿ ಈ ಕೆಲಸ ನಡೆಯುತ್ತಿದೆ ಎಂದಾದರೆ, ಅಲ್ಲಿ ಕಂಪನಿಯೇ ಹಣ ವ್ಯಯಿಸಿ 1991ರಿಂದಲೂ ಸಂಗ್ರಹ ವ್ಯವಸ್ಥೆಯನ್ನು ಕಟ್ಟಿಕೊಂಡು ಬಂದಿದೆ. ಬಳಸಿದ ಕ್ಯಾಪ್ಸೂಲುಗಳ ಚೀಲವನ್ನು ಅಂಚೆಯವರೇ ಮನೆಯಿಂದ ಒಯ್ಯುವ ಏರ್ಪಾಡೂ ಅಲ್ಲಿದೆ. ಮರುಸಂಸ್ಕರಣೆ ಎಂಬುದು ವಸ್ತುವಿನ ಗುಣವಲ್ಲ, ವ್ಯವಸ್ಥೆಯ ಗುಣ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಸ್ಯಾಷೆಯ ಪಾಡು

ಹಳ್ಳಿಯ ಸ್ಯಾಷೆಯ ಸ್ಥಿತಿ ಇದಕ್ಕಿಂತ ಶೋಚನೀಯ. ಪುಡಿಗೆ ತೇವ ತಗುಲದಂತೆ, ಪರಿಮಳ ಹಾರಿಹೋಗದಂತೆ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳನ್ನು ಅಂಟಿಸಿ ಅದನ್ನು ಮಾಡಲಾಗುತ್ತದೆ. ಒಮ್ಮೆ ಅಂಟಿದ ಪದರಗಳನ್ನು ಲಾಭದಾಯಕವಾಗಿ ಬೇರ್ಪಡಿಸುವುದು ದುಸ್ತರ. ಸಾವಿರ ಸ್ಯಾಷೆ ಕೂಡಿಸಿದರೂ ಗುಜರಿಯವರು ಅದಕ್ಕೆ ಬೆಲೆ ಕಟ್ಟುವುದಿಲ್ಲ. ಹೀಗಾಗಿ ಅದು ಚರಂಡಿಗೋ ಕಾಲುವೆಗೋ ಸೇರುತ್ತದೆ, ಇಲ್ಲವೇ ತಿಪ್ಪೆಯಲ್ಲಿ ಸುಟ್ಟು ಹೊಗೆಯಾಗುತ್ತದೆ.

ಪಂಚಾಯಿತಿಯವರು ಶ್ರದ್ಧೆಯಿಂದ ಸಂಗ್ರಹಿಸಿದರೂ ಅದಕ್ಕೆ ಉಳಿದಿರುವ ಮುಖ್ಯ ದಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆ. ರಾಜ್ಯದಲ್ಲಿ ಇಂಥ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಭಾಗದಲ್ಲಿ. ಬಳ್ಳಾರಿ ಜಿಲ್ಲೆಯಿಂದ ಅಲ್ಲಿಗೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ. ಹಗುರವಾದ ಈ ಕಸವನ್ನು ಒತ್ತಿ ಮೂಟೆ ಕಟ್ಟದೆ ಲಾರಿಗೆ ತುಂಬಿದರೆ ಬಾಡಿಗೆಯೂ ಹುಟ್ಟುವುದಿಲ್ಲ. ಗ್ರಾಮಗಳಲ್ಲಿ ‘ಸ್ವಚ್ಛ ವಾಹಿನಿ’ ಓಡಿಸುವ, ಕಸ ವಿಂಗಡಿಸುವ ಸ್ವಸಹಾಯ ಸಂಘಗಳ ಮಹಿಳೆಯರ ಪಾಲಿಗೆ ಸ್ಯಾಷೆ ಎಂದರೆ ದುಡಿಮೆ ಹೆಚ್ಚು, ಆದಾಯ ಶೂನ್ಯ.

ಕಾನೂನಿದೆ, ಕೊಂಡಿಯಿಲ್ಲ

ಕಾನೂನು ಇಲ್ಲವೆಂದಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಸಂಸ್ಕರಿಸಲಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಕೊನೆಗಾಣಿಸಬೇಕೆಂದು ಹೇಳಿದ್ದವು. 2018ರ ತಿದ್ದುಪಡಿಯು ಸುಟ್ಟು ಶಕ್ತಿ ಪಡೆಯಲೂ ಬಾರದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ಕಿಗೆ ಮಾತ್ರ ಅದನ್ನು ಸೀಮಿತಗೊಳಿಸಿತು. ಕುಲುಮೆಯಲ್ಲಿ ಉರಿಯಬಲ್ಲ ಸ್ಯಾಷೆ ಆ ಬಾಗಿಲಿನಿಂದ ಪಾರಾಯಿತು.

2022ರ ಫೆಬ್ರುವರಿಯಲ್ಲಿ ಬಂದ ವಿಸ್ತೃತ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಬಹುಪದರ ಹೊದಿಕೆಗಳನ್ನು ಪ್ರತ್ಯೇಕ ವರ್ಗವಾಗಿಸಿ, ಮರುಸಂಸ್ಕರಣೆಯ ಕನಿಷ್ಠ ಗುರಿಯನ್ನು 2024–25ಕ್ಕೆ ಶೇ 30, 2027–28ಕ್ಕೆ ಶೇ 60 ಎಂದು ನಿಗದಿ ಮಾಡಿತು. ಆದರೆ ಗುರಿ ಮುಟ್ಟಿದ್ದಕ್ಕೆ ಸಾಕ್ಷಿ ಪ್ರಮಾಣಪತ್ರ. ಅದನ್ನು ದೇಶದ ಯಾವುದೋ ಮೂಲೆಯ ಮರುಸಂಸ್ಕರಣಾ ಘಟಕದಿಂದ ಖರೀದಿಸಿದರೂ ನಡೆಯುತ್ತದೆ. ಬಾದನಹಟ್ಟಿಯಲ್ಲಿ ಮಾರಿದ ಸ್ಯಾಷೆಯನ್ನು ಬಾದನಹಟ್ಟಿಯಿಂದಲೇ ಎತ್ತಬೇಕೆಂಬ ಕಟ್ಟುಪಾಡಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದ ಸಂಗತಿ 2023ರಲ್ಲಿ ಬಯಲಾಯಿತು. ಕಾಗದದ ಮೇಲಿನ ಮರುಸಂಸ್ಕರಣೆಯ ಅಪಾಯವನ್ನು ಇದು ತೋರಿಸಿತು.

ಪರಿಹಾರದ ದಾರಿ

ಕ್ಯಾಪ್ಸೂಲ್ ಬಳಸುವವರಿಗೆ ಮತ್ತೆ ಮತ್ತೆ ತುಂಬಬಹುದಾದ ಉಕ್ಕಿನ ಕ್ಯಾಪ್ಸೂಲ್ ದೊರೆಯುತ್ತದೆ. ಇದು ನಿಜವಾದ ಅರ್ಥದ ಮರುಬಳಕೆ. ಆದರೆ ಪುಡಿ ತುಂಬಿ, ಬಳಸಿ, ತೊಳೆಯುವ ಶ್ರಮ ಬೇಕೆಂದ ಮೇಲೆ ದಕ್ಷಿಣ ಭಾರತದ ಮನೆಗಳಲ್ಲಿರುವ ಎರಡು ಅಂತಸ್ತಿನ ಫಿಲ್ಟರ್ ಅದೇ ಕೆಲಸವನ್ನು ಯಂತ್ರವಿಲ್ಲದೆ ಮಾಡುತ್ತಿದೆ. ಉಳಿಯುವುದು ಚರಟ ಮಾತ್ರ. ಅದು ಗಿಡದ ಬುಡಕ್ಕೆ ಗೊಬ್ಬರ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ.

ಸ್ಯಾಷೆ ಕೊಳ್ಳುವವರನ್ನು ದೂರುವುದು ಮಾತ್ರ ಅನ್ಯಾಯ. ಅಂದಂದಿನ ಕೂಲಿಯಲ್ಲಿ ಅಂದಂದಿನ ಸಾಮಾನು ತರುವ ಕುಟುಂಬಕ್ಕೆ ದೊಡ್ಡ ಪೊಟ್ಟಣ ಕೊಳ್ಳುವ ಶಕ್ತಿ ಇರುವುದಿಲ್ಲ. ಅಂಗಡಿಯಲ್ಲಿ ಡಬ್ಬಿಯಿಂದ ಅಳೆದು ಕೊಡುವ ಬಿಡಿ ಮಾರಾಟಕ್ಕೆ ಉತ್ತೇಜನ, ತಾಲ್ಲೂಕಿಗೊಂದು ಮೂಟೆ ಕಟ್ಟುವ ಯಂತ್ರ, ಅಲ್ಲಿಂದ ಕುಲುಮೆಯವರೆಗಿನ ಸಾಗಣೆ ವೆಚ್ಚವನ್ನು ತಯಾರಕರೇ ಭರಿಸುವ ನಿಯಮ, ವಿಂಗಡಿಸುವ ಮಹಿಳೆಯರಿಗೆ ಕೆ.ಜಿ. ಲೆಕ್ಕದ ಕೂಲಿ: ಇವು ಅಸಾಧ್ಯವಾದ ಬೇಡಿಕೆಗಳೇನಲ್ಲ.

ಕ್ಯಾಪ್ಸೂಲ್ ಈಗಷ್ಟೇ ಬರುತ್ತಿದೆ. ಮಾರುವ ಮಳಿಗೆಯೇ ಅದನ್ನು ಮರಳಿ ಪಡೆಯಬೇಕೆಂಬ ಷರತ್ತನ್ನು ಈಗಲೇ ವಿಧಿಸಬಹುದು. ಸ್ಯಾಷೆಯ ವಿಷಯದಲ್ಲಿ ಆ ಷರತ್ತು ವಿಧಿಸದೆ ಉಳಿದ ದಶಕಗಳ ಬೆಲೆಯನ್ನು ಈಗ ತೆರುತ್ತಿರುವವರು ತಯಾರಕರಲ್ಲ, ಗ್ರಾಮ ಪಂಚಾಯಿತಿಗಳು.