ಮುತ್ತಜ್ಜಿಯ ಹೆಸರು ಬರೆದಿಡಬೇಕು

ಹಿರಿಯರ ಹಬ್ಬದ ದಿನ ಹೊಸ ಬಟ್ಟೆಯನ್ನು ಇರಿಸಿ, ಬಾಳೆಯೆಲೆಯ ಮೇಲೆ ಎಡೆ ಬಡಿಸಿ, ಧೂಪ ಹಾಕಿ ಭಕ್ತಿಯಿಂದ ಕೈಮುಗಿಯುವ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಜನರು, ಅಜ್ಜನ ತಂದೆಯ ಹೆಸರನ್ನು ಹೇಗೋ ಹೇಳಬಲ್ಲರಾದರೂ, ಅದೇ ಅಜ್ಜನ ತಾಯಿ ಯಾರು, ಯಾವ ಊರಿನ ಮಗಳು ಎಂದು ಕೇಳಿದರೆ ಬಹುಮಟ್ಟಿಗೆ ನಿರುತ್ತರರಾಗುತ್ತಾರೆ. ಪೂಜೆಯಲ್ಲಿ ಇಷ್ಟು ಶ್ರದ್ಧೆಯುಳ್ಳ ಸಮಾಜವು ಸ್ಮರಣೆಯಲ್ಲಿ ಇಷ್ಟು ಉದಾಸೀನವಾಗಿರುವುದು ನನಗೆ ನೋವಿನ ಸಂಗತಿ.

ವಂಶವೃಕ್ಷವೆಂಬುದು ಇಂದು ನಾಡಕಚೇರಿಗೆ ಸಲ್ಲಿಸುವ ಕಾಗದವಾಗಿ ಉಳಿದಿದೆ. ಜಮೀನಿನ ಖಾತೆದಾರನು ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಅದನ್ನು ಬರೆಸುವಾಗ, ಗಂಡುಮಕ್ಕಳ ಹೆಸರುಗಳು ಹಿರಿತನದ ಕ್ರಮದಲ್ಲಿ ಇಳಿಯುತ್ತ ಹೋಗಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರುಗಳು ಜಾರಿಹೋಗುವುದನ್ನು ಬಲ್ಲವರು ಬಲ್ಲರು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಹಿಂದೂ ಕುಟುಂಬದ ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿದ್ದೂ ಹೀಗೆ ಬಿಟ್ಟ ಹೆಸರು ಕೇವಲ ಪಾಲಿನ ನಷ್ಟವಲ್ಲ; ಮೂರು ತಲೆಮಾರು ಕಳೆದ ಮೇಲೆ ಆಕೆ ಆ ಮನೆಯಲ್ಲಿ ಹುಟ್ಟಿದ್ದಳೆಂಬುದಕ್ಕೇ ಸಾಕ್ಷಿಯಿರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಪೂರ್ವಿಕರನ್ನು ಹುಡುಕಹೊರಟವನಿಗೆ ಈ ಸೀಮೆಯಲ್ಲಿ ದಾರಿಗಳು ಇಲ್ಲವೆಂದಲ್ಲ. ಮನೆದೇವರ ಗುಡಿ ದೂರದ ಊರಿನಲ್ಲಿದ್ದರೆ, ವಂಶವು ಒಂದು ಕಾಲದಲ್ಲಿ ಅಲ್ಲಿಂದ ಹೊರಟು ಬಂದಿರಬಹುದೆಂಬ ಮೊದಲ ಸುಳಿವು ಅಲ್ಲಿಯೇ ಇದೆ. ಹಳೆಯ ಕಾಗದಗಳಲ್ಲಿ ಕೃಷ್ಣರಾಜನಗರವನ್ನು ಎಡತೊರೆಯೆಂದೂ, ಪಿರಿಯಾಪಟ್ಟಣದ ಹಳ್ಳಿಗಳನ್ನು ಹುಣಸೂರು ತಾಲ್ಲೂಕಿನೊಳಗೂ ಹುಡುಕಬೇಕು. ಶಾನುಭೋಗರ ಲೆಕ್ಕದ ಕಟ್ಟುಗಳು, 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯಿಂದ ಆ ಹುದ್ದೆಯೇ ಹೋದ ಬಳಿಕ, ಕೆಲವು ಸರಕಾರದ ಕೈ ಸೇರಿದುವು, ಕೆಲವು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದುವು. ಜನಗಣತಿಯ ಅಚ್ಚಾದ ಸಂಪುಟಗಳಲ್ಲಿ ಸಂಖ್ಯೆಗಳಿವೆ, ಹೆಸರುಗಳಿಲ್ಲ: 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದುದನ್ನು, ಎಂದರೆ 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವು ಎಷ್ಟು ಮನೆಗಳ ದೀಪವನ್ನು ಆರಿಸಿತೆಂಬುದನ್ನು, ಆ ಪುಟಗಳಿಂದ ಊಹಿಸಬಹುದೇ ಹೊರತು, ಸತ್ತವರಲ್ಲಿ ಒಬ್ಬರನ್ನಾದರೂ ಹೆಸರು ಹಿಡಿದು ಕರೆಯಲಾಗದು.

ಹೆಣ್ಣಿನ ಹೆಸರನ್ನು ಕಲ್ಲು ಉಳಿಸಿಕೊಂಡ ಒಂದು ಪ್ರಸಂಗವೂ ನಮ್ಮಲ್ಲಿಯೇ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವು, ನುಗುನಾಡಿನ ರವಿಗನ ಮಗಳು ದೇಕಬ್ಬೆಯು, ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದುದಕ್ಕಾಗಿ ಪತಿ ಏಚನು ಮರಣದಂಡನೆಗೆ ಗುರಿಯಾದನೆಂದು ಕೇಳಿ, ತಂದೆತಾಯಿಗಳು ಬೇಡವೆಂದು ಬೇಡಿದರೂ ನಿಲ್ಲದೆ ಅಗ್ನಿಪ್ರವೇಶ ಮಾಡಿದ ಕಥೆಯನ್ನು ಹೇಳುತ್ತದೆ. ಮಗಳು, ಅಳಿಯ, ತವರು, ಮೆಟ್ಟಿದ ಮನೆ, ಇಷ್ಟನ್ನೂ ಒಂದೇ ಕಲ್ಲು ಹೇಳುವುದು ವಂಶಚರಿತ್ರೆಯ ದೃಷ್ಟಿಯಿಂದ ಅಪೂರ್ವ. ಆದರೆ ಬೆಂಕಿಗೆ ಬಿದ್ದದ್ದರಿಂದ ಮಾತ್ರ ಒಬ್ಬಳ ಹೆಸರು ಉಳಿದು, ರಾಗಿ ಬೀಸಿ, ಮಕ್ಕಳನ್ನು ಹೆತ್ತು, ಬರದಲ್ಲಿ ಮನೆಯನ್ನು ಹಿಡಿದು ನಿಲ್ಲಿಸಿದ ಸಹಸ್ರಾರು ಹೆಂಗಸರ ಹೆಸರು ಅಳಿಯಿತೆಂಬುದನ್ನು ನೆನೆದಾಗ, ಆ ಕಲ್ಲಿನ ಮುಂದೆ ಕೇವಲ ಹೆಮ್ಮೆ ಪಡುವುದು ನನ್ನಿಂದಾಗದು.

ಇದು ನಮ್ಮ ದೇಶವೊಂದರ ಕಷ್ಟವಲ್ಲ. ಅಮೆರಿಕದಲ್ಲಿ 1850ರ ಜನಗಣತಿಯಿಂದ ಮೊದಲ್ಗೊಂಡು ಮನೆಯ ಯಜಮಾನನೊಬ್ಬನದೇ ಅಲ್ಲದೆ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದರು. ಗುಲಾಮರನ್ನು ಮಾತ್ರ ಬೇರೆ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು, ಲಿಂಗ, ಮೈಬಣ್ಣಗಳಾಗಿ ಎಣಿಸಿದರು. ಆದುದರಿಂದ ಅವರ ಸಂತತಿಯವರು ತಮ್ಮ ಹಿರಿಯರನ್ನು ಅರಸುತ್ತ 1870ರ ಜನಗಣತಿಯವರೆಗೆ ಹೋಗಿ, ಅದರಾಚೆ ಹೆಸರೇ ಸಿಗದೆ ನಿಲ್ಲುತ್ತಾರೆ. ಬಿಡುಗಡೆಯಾದವರಿಗಾಗಿ 1865ರಲ್ಲಿ ಹುಟ್ಟಿದ ಉಳಿತಾಯ ಬ್ಯಾಂಕಿನ ಗುಮಾಸ್ತರು ಖಾತೆ ತೆರೆಯುವಾಗ ತಂದೆ, ತಾಯಿ, ಒಡಹುಟ್ಟಿದವರ ಹೆಸರುಗಳನ್ನು ಕೇಳಿ ಬರೆದುಕೊಂಡ ಪುಸ್ತಕಗಳೇ, ಬ್ಯಾಂಕು 1874ರಲ್ಲಿ ಮುಳುಗಿಹೋದರೂ, ಇಂದು ಅನೇಕ ಕುಟುಂಬಗಳಿಗೆ ಆಧಾರವಾಗಿವೆ.

ಅಂಥ ಪುಸ್ತಕ ನಮ್ಮಲ್ಲಿಯೂ ಇದೆ. ಅದನ್ನು ಯಾರೂ ವಂಶಚರಿತ್ರೆಯೆಂದು ಓದಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ, ಗೇಣಿದಾರರು ಭೂನ್ಯಾಯ ಮಂಡಳಿಗೆ ಏಳನೇ ನಮೂನೆಯ ಅರ್ಜಿಯನ್ನು ಹಾಕಿಕೊಂಡರು. ಯಾವ ಸರ್ವೆ ನಂಬರು, ಒಡೆಯನಾರು, ಎಷ್ಟು ಕಾಲದಿಂದ ಉಳುತ್ತಿದ್ದಾರೆ ಎಂಬುದಕ್ಕೆ ಅವರು ಕೊಟ್ಟ ಹೇಳಿಕೆಗಳು ಆ ಕಡತಗಳಲ್ಲಿವೆ. ಅಕ್ಷರ ಬಾರದ, ಭೂಮಿಯಿಲ್ಲದ ಎಷ್ಟೋ ಕುಟುಂಬಗಳ ಪಾಲಿಗೆ, ಅಜ್ಜನು ತನ್ನ ಬಾಳಿನ ವೃತ್ತಾಂತವನ್ನು ಸರಕಾರದ ಮುಂದೆ ಹೇಳಿ ಹೆಬ್ಬೆಟ್ಟೊತ್ತಿದ ಮೊಟ್ಟಮೊದಲ ಕಾಗದವೇ ಅದು. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಗಣಕೀಕರಿಸುತ್ತಿರುವ ಈ ಹೊತ್ತಿನಲ್ಲಿ ಆ ಕಡತಗಳಿಗೆ ಮೊದಲ ಮಣೆ ಸಲ್ಲಬೇಕು.

ಕಾಗದವೇ ಇಲ್ಲದವರು ಆದಿವಾಸಿಗಳ ಹಾಡಿಗಳಲ್ಲಿದ್ದಾರೆ. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಯಾದ ಜೇನುಕುರುಬರಿಗೂ, ಹೆಗ್ಗಡದೇವನಕೋಟೆಯ ಕಡೆಯ ಬೆಟ್ಟಕುರುಬ, ಯರವರಿಗೂ, ಅಜ್ಜಂದಿರ ಸಮಾಧಿಗಳೂ ದೇವರ ಬನಗಳೂ ಇರುವುದು ಕಾಡಿನೊಳಗೆ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಾವಳಿಯು ಸ್ಮಶಾನಗಳನ್ನೂ, ಪವಿತ್ರ ಸ್ಥಳಗಳನ್ನೂ, ಹಿಂದಿನ ದಾಖಲೆಗಳಲ್ಲಿರುವವರೊಡನೆ ಸಂಬಂಧವನ್ನು ತೋರಿಸುವ ವಂಶಾವಳಿಯನ್ನೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತದೆ. ಕಾನೂನೇ ಮುದುಕಿಯ ಬಾಯಿಮಾತಿಗೆ ಬೆಲೆ ಕಟ್ಟಿರುವಾಗ, ಅದನ್ನು ಕೇಳಿ ಬರೆದುಕೊಳ್ಳುವವರಿಲ್ಲದೆ ಆಕೆ ಕಣ್ಮುಚ್ಚುವುದು ಘೋರ ಅನ್ಯಾಯ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವಿರಲಿ. ಹೈಸ್ಕೂಲಿನ ಮಕ್ಕಳು ಊರಿನ, ಹಾಡಿಯ, ಕೇರಿಯ ಮುದುಕಿಯರ ಬಳಿ ಕುಳಿತು, ಅವರ ತಾಯಿ ಯಾರು, ತವರು ಯಾವುದು, ಮನೆದೇವರು ಯಾವುದು, ಯಾವ ವರ್ಷ ಎಲ್ಲಿಂದ ಗುಳೆ ಬಂದರು ಎಂದು ಕೇಳಿ, ಹೇಳಿದವರ ಒಪ್ಪಿಗೆ ಪಡೆದು, ಅದರಲ್ಲಿ ಬರೆಯಲಿ. ನಾಡಕಚೇರಿಯ ವಂಶವೃಕ್ಷದ ನಮೂನೆಯಲ್ಲಿ ಪ್ರತಿಯೊಬ್ಬರ ತಾಯಿಯ ಹೆಸರಿಗೂ ಆಕೆಯ ತವರೂರಿಗೂ ಒಂದೊಂದು ಅಂಕಣವನ್ನು ಕಂದಾಯ ಇಲಾಖೆಯು ಸೇರಿಸಲಿ.