ಎರೆನಾಡಿಗೆ ಬಂದ ನೀರಿನಲ್ಲಿ ಮರದ ಪಾಲು

ವಿಜಯಪುರದ ಚರಿತ್ರೆಯನ್ನು ಬರೆದವರು ಗೋಳಗುಮ್ಮಟದ ವೈಶಾಲ್ಯವನ್ನೂ ಇಬ್ರಾಹಿಂ ರೋಜಾದ ಮೀನಾರುಗಳ ಸೊಬಗನ್ನೂ ಮನದಣಿಯೆ ವರ್ಣಿಸಿರುವರು. ಆದರೆ ಅದೇ ನೆಲದಲ್ಲಿ ಬೇರೂರಿ, ಶತಮಾನಗಳ ಬಿಸಿಲುಂಡು, ಮಳೆಗಾಲ ಬಂದೊಡನೆ ಇಂದಿಗೂ ಚಿಗುರುವ ದೊಡ್ಡಹುಣಸೆಯ ಮರಗಳನ್ನು ಚರಿತ್ರೆಯ ಸಾಕ್ಷಿಗಳೆಂದು ಪರಿಗಣಿಸಿದವರು ವಿರಳ. ನಾಲ್ಕಾರು ಜನ ಕೈಕೈ ಹಿಡಿದರೂ ತೆಕ್ಕೆಗೆ ಸಿಗದ ಬೊಡ್ಡೆ, ಬೂದಿಬಣ್ಣದ ನುಣುಪಾದ ತೊಗಟೆ, ಐದು ಬೆರಳುಗಳನ್ನು ಬಿಡಿಸಿದಂತಹ ಎಲೆ, ರಾತ್ರಿಯಲ್ಲಿ ಅರಳುವ ಜೋಲು ಬಿಳಿಹೂ. ಬೊಡ್ಡೆಯೊಳಗೆ ನೀರನ್ನು ಹಿಡಿದಿಟ್ಟುಕೊಂಡು ಬರಗಾಲವನ್ನು ದಾಟುವ ಈ ವೃಕ್ಷದ ಮೂಲ ಆಫ್ರಿಕ. ಕಡಲ ವ್ಯಾಪಾರಿಗಳೊಡನೆಯೋ, ಇಖ್ಲಾಸಖಾನನಂತಹ ಸರದಾರರನ್ನು ಆದಿಲಶಾಹಿ ದರಬಾರಿಗೆ ಕೊಟ್ಟ ಹಬಶಿ ಜನರೊಡನೆಯೋ ಅದು ದಖ್ಖಣಕ್ಕೆ ಬಂದಿರಬೇಕೆಂದು ವಿದ್ವಾಂಸರು ಊಹಿಸುವರು.

ಮರವನ್ನೂ ನೀರನ್ನೂ ಬೇರೆಬೇರೆಯಾಗಿ ಎಣಿಸದಿದ್ದುದು ಆ ಕಾಲದ ವಿವೇಕ. ಕೊಂಕಣದ ಮಾವು ಭತ್ತಗಳ ಸಮೃದ್ಧಿಯನ್ನು ಕಂಡು ಮೋಹಗೊಂಡ ಮುಹಮ್ಮದ್ ಆದಿಲಶಹನು ಅಂತಹುದನ್ನೇ ತನ್ನ ಒಣನಾಡಿನಲ್ಲಿ ಬೆಳೆಯಬೇಕೆಂದು, ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಕೆರೆ ಕಟ್ಟಿಸಿದನೆಂಬ ಐತಿಹ್ಯವುಂಟು. ರಾಜಧಾನಿಯ ದಾಹಕ್ಕಾಗಿ 1651ರಲ್ಲಿ ಬೇಗಂ ತಲಾಬು ಸಿದ್ಧವಾಯಿತು. 1686ರಲ್ಲಿ ಔರಂಗಜೇಬನಿಗೆ ನಗರವು ವಶವಾದಮೇಲೆ ಜನವೂ ಚದುರಿತು, ನೀರಿನ ವ್ಯವಸ್ಥೆಯೂ ಸೊರಗಿತು. 1876–78ರ ಘೋರ ಕ್ಷಾಮವು ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ಈ ಸೀಮೆಯನ್ನು ಹಿಂಡಿಹಾಕಿತು. ಮಳೆಯನ್ನು ಮರವೊಂದೇ ತರಲಾರದು, ನಿಜ. ಆದರೆ ಬಿದ್ದ ಮಳೆಯನ್ನು ಇಂಗಿಸಲು, ಎರೆಮಣ್ಣು ಹಳ್ಳದ ಪಾಲಾಗದಂತೆ ತಡೆಯಲು, ದನಕರುಗಳಿಗೆ ತಪ್ಪಲನ್ನೊದಗಿಸಲು ಮರವೇ ಬೇಕು.

ಬಯಲುಪ್ರದೇಶದಲ್ಲಿಯೂ ನೂರಕ್ಕೆ 20 ಪಾಲು ಕಾಡಿರಬೇಕೆಂದು 1952ರ ರಾಷ್ಟ್ರೀಯ ಅರಣ್ಯನೀತಿಯು ಸಾರಿತು. ವಿಜಯಪುರ ಜಿಲ್ಲೆಯಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ. 2016ರಲ್ಲಿ ಆರಂಭವಾದ ಕೋಟಿವೃಕ್ಷ ಅಭಿಯಾನವು ಈ ಕೊರತೆಯನ್ನು ಜನರ ಕಣ್ಣಿಗೆ ತಂದಿತೆಂಬುದಕ್ಕಾಗಿ ಅದನ್ನು ಮನಸಾರೆ ಶ್ಲಾಘಿಸಬೇಕು. ಆದರೆ ನೆಟ್ಟ ಸಸಿಗೆ ಪರೀಕ್ಷೆಯ ಕಾಲ ಆಷಾಢವಲ್ಲ, ಚೈತ್ರ ವೈಶಾಖಗಳು.

ಇದೀಗ ಏತನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ ಬಬಲೇಶ್ವರಗಳ ಕೆರೆಗಳಿಗೆ ಹರಿದು ಬರುತ್ತಿರುವಾಗ, ತಲೆಮಾರುಗಳು ಕಾದುಕುಳಿತ ಈ ಭಾಗ್ಯವೆಲ್ಲ ದ್ರಾಕ್ಷಿಯ ಪಡಕಿಗೂ ಕಬ್ಬಿನ ಗದ್ದೆಗೂ ಮಾತ್ರ ಸಂದು, ಕೆರೆಯ ಏರಿಯೂ ಕಾಲುವೆಯ ದಂಡೆಯೂ ಬೋಳಾಗಿ ಉಳಿದರೆ, ಅದು ಅಕ್ಷಮ್ಯ. ಬದುವಿನ ಮರದ ನೆರಳಿಗೆ ಜೋಳ ಏಳದು, ಹಕ್ಕಿಗಳ ಕಾಟ ಹೆಚ್ಚೀತು ಎಂಬ ರೈತನ ಆಕ್ಷೇಪವನ್ನು ನಾನು ಹಗುರವಾಗಿ ಕಾಣೆನು. ತುಂಡು ಹೊಲದವನಿಗೆ ಒಂದು ಸಾಲು ತೆನೆಯೂ ದೊಡ್ಡದು. ಆದುದರಿಂದಲೇ ಮೊದಲ ಹೊಣೆಯು ಸಾರ್ವಜನಿಕ ಭೂಮಿಯದು: ಏರಿ, ದಂಡೆ, ಗೋಮಾಳ, ಶಾಲೆಯ ಅಂಗಳ, ರಸ್ತೆಯ ಇಕ್ಕೆಲ. ಅಲ್ಲಿ ಈ ಮಣ್ಣಿನ ಗುಣವನ್ನರಿತ ಬೇವು, ಬನ್ನಿ, ಹುಣಸೆ, ಆಲಗಳು ಮೇಲೇಳಲಿ. ಕೆರೆ ತುಂಬಿಸುವ ಅಧಿಕಾರಿಗಳು ಬೇಸಗೆಯ ನೀರಿನ ಲೆಕ್ಕದಲ್ಲಿ ಸಸಿಗಳ ಪಾಲನ್ನು ಮೊದಲೇ ಬರೆದಿಡಲಿ; ನಗರದ ದೊಡ್ಡಹುಣಸೆಗಳಿಗೆ ಗುಮ್ಮಟಗಳಿಗಿರುವಂತಹ ಕಾನೂನಿನ ರಕ್ಷಣೆಯನ್ನು ಸರಕಾರವು ತಡಮಾಡದೆ ಒದಗಿಸಲಿ.