ಘಾಟಿ ಹತ್ತುವ ಮೊದಲೇ ಕಾಲು ನೋಡಿ

2025ರ ಏಪ್ರಿಲ್‌ನಲ್ಲಿ ಉದಕಮಂಡಲದ (ಊಟಿ) ಸರ್ಕಾರಿ ವೈದ್ಯಕೀಯ ಕಾಲೇಜಿನ 700 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ದೊಡ್ಡ ಪೆಟ್ಟಾದಾಗಲೆಲ್ಲ ಕೊಯಮತ್ತೂರಿಗೆ ಇಳಿಯುವ ಪಾಡು ಇನ್ನು ತಪ್ಪೀತು ಎಂದು ನೀಲಗಿರಿಯ ಜನ ನಿರೀಕ್ಷಿಸುವುದು ಸಹಜ. ಆದರೆ ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ. ದಾರಿ ಹಾಗೇ ಇದೆ, ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಾಟಿಯ 36 ತಿರುವುಗಳೂ ಹಾಗೇ ಇವೆ. ಮೈಸೂರಿನತ್ತ ಹೊರಟರೆ ಬಂಡೀಪುರ ಕಾಡಿನ ರಾತ್ರಿ ಸಂಚಾರ ನಿರ್ಬಂಧದಿಂದ ಆಂಬುಲೆನ್ಸಿಗೆ ವಿನಾಯಿತಿ ಸಿಗುತ್ತದೆ. ಘಾಟಿಯ ಮಂಜು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಮೊಣಕಾಲಿನ ಕೆಳಗೆ ಎಲುಬು ಮುರಿದವರನ್ನು ಕಾಡುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂಬ ತೊಡಕನ್ನು ಪತ್ತೆ ಮಾಡುವ ಹೊಣೆ, ಹಾಗಾಗಿ, ಮೇಲಿನ ದೊಡ್ಡ ಆಸ್ಪತ್ರೆಯದಲ್ಲ. ಗಾಯಾಳು ಮೊದಲು ಬಂದು ಮಲಗುವ ಕೆಳಗಿನ ಆಸ್ಪತ್ರೆಯದು.

ಮೊಣಕಾಲಿನ ಕೆಳಗಿನ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿವೆ. ಒಂದೊಂದನ್ನೂ ಸುತ್ತಿರುವ ಪೊರೆ ಗಟ್ಟಿ, ಹಿಗ್ಗುವುದಿಲ್ಲ. ಮುರಿತದ ರಕ್ತವೂ ಬಾವೂ ಒಳಗೆ ತುಂಬಿದಂತೆ ಒತ್ತಡ ಏರಿ, ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಹೀಗೇ ಸುಮಾರು ಆರು ಗಂಟೆ ಕಳೆದರೆ ಸ್ನಾಯು ಮತ್ತೆ ಚೇತರಿಸಿಕೊಳ್ಳದಂತೆ ಸಾಯತೊಡಗುತ್ತದೆ; ಆಮೇಲೆ ಎಲುಬು ಎಷ್ಟೇ ಚೆನ್ನಾಗಿ ಕೂಡಿದರೂ ಪಾದ ಎತ್ತಲಾಗದೆ ಉಳಿಯಬಹುದು. ದೊಡ್ಡ ಧಮನಿಯ ಒತ್ತಡ ಕೋಣೆಯೊಳಗಿನ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಪಾದದ ನಾಡಿ ಬಹಳ ಹೊತ್ತು ಮಿಡಿಯುತ್ತಲೇ ಇರುತ್ತದೆ. 'ನಾಡಿ ಸಿಗುತ್ತಿದೆ, ಕಳಿಸಿ' ಎಂಬ ಸಮಾಧಾನ ಅಪಾಯಕಾರಿಯಾಗುವುದು ಇಲ್ಲೇ. ಚರ್ಮ ಹರಿದಿದ್ದರೆ ಒತ್ತಡ ತಾನೇ ಇಳಿದಿರುತ್ತದೆ ಎಂಬ ನಂಬಿಕೆಯೂ ಸುಳ್ಳು. ನೋಡಬೇಕಾದ್ದು ಬೇರೆ: ಕಾಲು ಅಲುಗದಂತೆ ಕಟ್ಟಿದ ಮೇಲೂ ಏರುತ್ತಲೇ ಹೋಗುವ ನೋವು, ವೈದ್ಯರು ಬೆರಳನ್ನು ಮೆಲ್ಲನೆ ಚಾಚಿದರೂ ಮಡಿಸಿದರೂ ತಡೆಯಲಾಗದ ಸಂಕಟ, ಬೆರಳ ಸಂದಿಯ ಜೋಮು. ಪ್ಲಾಸ್ಟರ್ ಹಾಕಿದ್ದರೆ, ನಾಟಿ ಕಟ್ಟು ಕಟ್ಟಿಸಿಕೊಂಡು ಬಂದಿದ್ದರೆ, ಒಳಗಿನ ಹತ್ತಿಯವರೆಗೂ ಸೀಳಿ ಬಿಚ್ಚುವುದು ಮೊದಲ ಕೆಲಸ.

ಈ ಲಕ್ಷಣಗಳನ್ನು ನಂಬಲಾಗದು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ವೈದ್ಯ ಉಲ್ಮರ್ ತೋರಿಸಿದಂತೆ, ಬಿಡಿ ಲಕ್ಷಣವೊಂದನ್ನೇ ನೆಚ್ಚಿದರೆ ಬಹುಪಾಲು ರೋಗಿಗಳು ಕೈತಪ್ಪುತ್ತಾರೆ. ಮೂರು ಒಟ್ಟಿಗೆ ಕಂಡರೆ ಮಾತ್ರ ಸಂಭವ ಶೇ 90 ದಾಟುತ್ತದೆ. ಆದರೆ ಇದು ಗಂಟೆಗೊಮ್ಮೆ ನೋಡಿ ಬರೆದಿಡಬೇಕು ಎಂಬುದಕ್ಕೆ ಕಾರಣವೇ ಹೊರತು, ನೋಡುವುದನ್ನೇ ಬಿಡುವುದಕ್ಕಲ್ಲ. ನೋವನ್ನು ಕೂಗಾಟದಿಂದ ಅಳೆಯುವುದಂತೂ ಗೂಡಲೂರಿನಂಥ ಕಡೆ ಸಲ್ಲದು. ಪಣಿಯ ಬುಡಕಟ್ಟಿನ ಭಾಷೆ ಮಾತಾಡುವ ರೋಗಿಯ ಮುಂದೆ ಬೇರೆ ಭಾಷೆಯ ವೈದ್ಯರು ನಿಂತಾಗ ನೋವಿನ ಇಂಜೆಕ್ಷನ್ ಎಷ್ಟು ಬೇಗ ಬೇಗ ಬೇಕಾಗುತ್ತಿದೆ ಎಂಬ ಲೆಕ್ಕವೇ ಹೆಚ್ಚು ನಿಜ ಹೇಳುತ್ತದೆ. ಪ್ರಜ್ಞೆ ತಪ್ಪಿದವರಲ್ಲಿ, ಅನುಮಾನ ಉಳಿದವರಲ್ಲಿ ಒತ್ತಡ ಅಳೆಯಬೇಕು. ಯಂತ್ರವಿಲ್ಲ ಎನ್ನುವಂತಿಲ್ಲ: ಪಾದರಸದ ಬಿ.ಪಿ. ಉಪಕರಣ, ಸಿರಿಂಜ್, ಸೂಜಿ, ಸಲೈನ್, ಡ್ರಿಪ್ ನಳಿಕೆ, ಮೂರು ದಾರಿಯ ಕೊಳಾಯಿ ಇಷ್ಟರಲ್ಲೇ ಅಳೆಯುವ ವಿಧಾನವನ್ನು ಮೂಳೆವೈದ್ಯ ವೈಟ್‌ಸೈಡ್ಸ್ 1975ರಲ್ಲೇ ತೋರಿಸಿದ್ದರು. ಅದು ಅಷ್ಟೇನೂ ಕರಾರುವಾಕ್ಕಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಬಿ.ಪಿ.ಯ ಕೆಳಗಿನ ಅಂಕಿಗೂ ಕಾಲಿನೊಳಗಿನ ಒತ್ತಡಕ್ಕೂ 30ಕ್ಕಿಂತ ಕಡಿಮೆ ಅಂತರ ಉಳಿದರೆ ಪೊರೆಯನ್ನು ಕೊಯ್ದು ಬಿಡಿಸಬೇಕು ಎಂಬ ಮಿತಿಯನ್ನು ಎಡಿನ್‌ಬರೋದ ವೈದ್ಯರು 1996ರಲ್ಲಿ ಮುಂದಿಟ್ಟರು.

ಸುಮ್ಮಸುಮ್ಮನೆ ಕೊಯ್ದರೆ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಕಾಲಿನ ಎರಡು ಬದಿ ಉದ್ದ ಗಾಯ, ಸೋಂಕಿನ ಭಯ, ಒಮ್ಮೊಮ್ಮೆ ಚರ್ಮದ ಕಸಿ: ಬೆಲೆ ಸಣ್ಣದಲ್ಲ. ಹಾಗೆಂದು ಕಾದು, ಸ್ನಾಯು ಸತ್ತ ಮೇಲೆ ಕೊಯ್ದರೆ ಅದೇ ಸೋಂಕು ಕಾಲನ್ನೇ ಕಳೆಯಬಹುದು. ಕಲೆ ಹೊತ್ತ ಕಾಲಿನಲ್ಲಿ ಚಹಾ ತೋಟದ ಇಳಿಜಾರು ಹತ್ತಬಹುದು, ಎತ್ತಲಾಗದ ಪಾದದಲ್ಲಿ ಹತ್ತುವುದು ಕಷ್ಟ. ಅದೂ ಅಲ್ಲದೆ, ಪೊರೆ ಬಿಡಿಸಲು ಎಲುಬು ಜೋಡಿಸುವ ರಾಡು, ಎಕ್ಸ್‌ರೇ ಯಂತ್ರ ಯಾವುದೂ ಬೇಕಿಲ್ಲ. ತರಬೇತಿ ಪಡೆದ ಸಾಮಾನ್ಯ ಶಸ್ತ್ರವೈದ್ಯರೂ ಅರಿವಳಿಕೆಯ ವ್ಯವಸ್ಥೆಯೂ ಇದ್ದರೆ ಸಾಕು. ನಾಲ್ಕೂ ಕೋಣೆ ಬಿಡಿಸಿ, ಗಾಯಕ್ಕೆ ಸಡಿಲ ಪಟ್ಟಿ ಸುತ್ತಿ, ಚೀಟಿಯಲ್ಲಿ ಪೆಟ್ಟಾದ ಹೊತ್ತನ್ನೂ ಕೊಯ್ದ ಹೊತ್ತನ್ನೂ ಬರೆದು ಊಟಿಗೆ ಕಳಿಸಲಿ. ಎಲುಬಿನ ಕೆಲಸ ಅಲ್ಲಿ ಮರುದಿನವಾದರೂ ನಡೆಯುತ್ತದೆ.